ಆಕಾಶವಾಣಿಯ ನೇರ ಫೋನ್-ಇನ್‌ನಲ್ಲಿ ಊರಿನ ಸಮಸ್ಯೆ ಹೇಳಿಕೊಂಡರೆ ನಿಜಕ್ಕೂ ಪ್ರಯೋಜನವಾಗುತ್ತದೆಯೇ?

ನಿಮ್ಮ ಊರಿನ ಹಾಳಾದ ರಸ್ತೆಯನ್ನೂ ನೀರು ಬಾರದ ನಲ್ಲಿಗಳನ್ನೂ ಕುರಿತು ಆಕಾಶವಾಣಿಗೆ ಕರೆ ಮಾಡಬೇಕೆಂದಿದ್ದೀರಿ, ಆದರೆ ಅದು ಬರೀ ಕಾಲಹರಣವಾದೀತೆಂಬ ಅನುಮಾನವೂ ಇದೆ ಎಂದು ಬರೆದಿದ್ದೀರಿ. ಮಲೆನಾಡಿನ ಒಂದು ಬಾನುಲಿ ಕೇಂದ್ರದಲ್ಲಿ ತಾತ್ಕಾಲಿಕ ಉದ್ಘೋಷಕನಾಗಿ ಇಂತಹ ಕಾರ್ಯಕ್ರಮಗಳನ್ನು ನಡೆಸಿಕೊಟ್ಟ ಅನುಭವದಿಂದ ಹೇಳುವುದಾದರೆ, ನೀರಿನ ವಿಷಯದಲ್ಲಿ ಪ್ರಯೋಜನವಾಗುವ ಸಂಭವ ಹೆಚ್ಚು. ರಸ್ತೆಯ ವಿಷಯದಲ್ಲಿ ಕರೆ ಮಾಡುವ ಮೊದಲೇ ನೀವು ಸ್ವಲ್ಪ ಕೆಲಸ ಮಾಡಿಕೊಳ್ಳಬೇಕಾಗುತ್ತದೆ.

ರಸ್ತೆಯ ತೊಡಕು ಏನೆಂದರೆ, ಅದು ಯಾರಿಗೆ ಸೇರಿದ್ದೆಂಬುದು ಅದರಲ್ಲಿ ಓಡಾಡುವವರಿಗೇ ಗೊತ್ತಿರುವುದಿಲ್ಲ. ಒಂದೇ ಊರಿಗೆ ಹೋಗುವ ದಾರಿಯಲ್ಲಿ ಮೊದಲ ಭಾಗ ಲೋಕೋಪಯೋಗಿ ಇಲಾಖೆಯದು, ಮುಂದಿನದು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ್ದು, ಕೊನೆಯ ತಿರುವಿನಿಂದಾಚೆಗೆ ಗ್ರಾಮ ಪಂಚಾಯಿತಿಯದು ಆಗಿರುವುದು ಸಾಮಾನ್ಯ. ಸ್ಟುಡಿಯೋದಲ್ಲಿ ಕುಳಿತ ಅಧಿಕಾರಿ "ಆ ರಸ್ತೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದುಬಿಟ್ಟರೆ ಅಲ್ಲಿಗೆ ನಿಮ್ಮ ಕರೆ ಮುಗಿದಂತೆ, ಏಕೆಂದರೆ ಅದು ಸುಳ್ಳೆಂದು ತೋರಿಸಲು ಉದ್ಘೋಷಕನ ಬಳಿ ದಾಖಲೆ ಇರುವುದಿಲ್ಲ. ಆದ್ದರಿಂದ ಮೊದಲು ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಅವರನ್ನು ಕೇಳಿ ರಸ್ತೆ ಯಾರದೆಂದು ತಿಳಿದುಕೊಳ್ಳಿ. ಆ ಇಲಾಖೆಯ ಅಧಿಕಾರಿ ಅತಿಥಿಯಾಗಿ ಬರುವ ದಿನವೇ ಕರೆ ಮಾಡಿ. ಕೃಷಿ ಅಧಿಕಾರಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಪ್ರಮಾಣ ಹೇಳುತ್ತಿರುವಾಗ ನಡುವೆ ಬಂದು ರಸ್ತೆಗುಂಡಿಯ ಪ್ರಸ್ತಾಪ ಮಾಡುವ ಕೇಳುಗರು ಎಲ್ಲ ಕೇಂದ್ರಗಳಿಗೂ ಪರಿಚಿತರು, ಅವರಿಗೆ ಸಿಗುವುದು ವಿನಯದ ಒಂದು ನಮಸ್ಕಾರ ಮಾತ್ರ.

ನೀರಿನ ವಿಷಯ ಹಾಗಲ್ಲ. ಜಲಜೀವನ್ ಮಿಷನ್ ಅಡಿಯಲ್ಲಿ ಗ್ರಾಮೀಣ ಮನೆಗಳಲ್ಲಿ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕೆಂಬ ಲೆಕ್ಕವಿದೆ, ಹಾಗಾಗಿ ಕೇಳುವವರ ಕೈಯಲ್ಲಿ ಒಂದು ಅಳತೆಗೋಲು ಇದ್ದೇ ಇರುತ್ತದೆ. ನಾನು ನಡೆಸುತ್ತಿದ್ದ ಕಾರ್ಯಕ್ರಮವೊಂದಕ್ಕೆ ಕರೆ ಮಾಡಿದ ಮಹಿಳೆಯೊಬ್ಬರು "ಮನೆ ಮುಂದೆ ನಲ್ಲಿ ಬಂದಿದೆ ಸಾರ್, ನೀರು ಬಂದಿಲ್ಲ" ಎಂದರು. ಇಂಜಿನಿಯರರು ಯೋಜನೆಯ ವೆಚ್ಚ, ಪೈಪ್‌ಲೈನಿನ ಉದ್ದ ಮುಂತಾದವನ್ನು ವಿವರಿಸತೊಡಗಿದಾಗ ನಾನು ತಡೆದು, ಊರಿನಲ್ಲಿ ಯಾರಿಗೂ ನೀರು ಬರುತ್ತಿಲ್ಲವೇ ಅಥವಾ ನಿಮ್ಮ ಕೇರಿಗೆ ಮಾತ್ರವೇ ಎಂದು ಆ ಮಹಿಳೆಯನ್ನೇ ಕೇಳಿದೆ. ದೇವಸ್ಥಾನದ ಕೆಳಗಿನ ಮನೆಗಳಿಗೆ ಎರಡು ಹೊತ್ತೂ ಬರುತ್ತದೆ, ದಿಬ್ಬದ ಮೇಲಿನವರಿಗೆ ಮಾತ್ರ ಇಲ್ಲ ಎಂಬ ಉತ್ತರ ಬಂದೊಡನೆ ಇಂಜಿನಿಯರರ ಧಾಟಿಯೇ ಬದಲಾಯಿತು. ಕೆಳಗಿನ ಸಾಲಿನ ವಾಲ್ವ್ ಮುಚ್ಚದೆ ನೀರು ಬಿಟ್ಟರೆ ಮೇಲಕ್ಕೆ ಒತ್ತಡ ಏರುವುದಿಲ್ಲವೆಂದೂ, ಎರಡು ಸಾಲಿಗೂ ಸರದಿಯ ಮೇಲೆ ಬಿಡಿಸುವುದಾಗಿಯೂ ಅವರು ನೇರ ಪ್ರಸಾರದಲ್ಲೇ ಒಪ್ಪಿಕೊಂಡರು. ನೀರಗಂಟಿಗೆ ಅಂದೇ ಫೋನ್ ಹೋಯಿತೆಂದು ಆಮೇಲೆ ತಿಳಿಯಿತು. ಅದೇ ಮಾತನ್ನು ಅವರು ಕಚೇರಿಯ ಮೇಜಿನ ಹಿಂದೆ ಕುಳಿತು ಹೇಳಿದ್ದರೆ ಕೇಳಿಸಿಕೊಂಡವರು ಒಬ್ಬರೇ ಆಗಿರುತ್ತಿದ್ದರು. ಬಾನುಲಿಯಲ್ಲಿ ಹೇಳಿದಾಗ ಆ ಕೇರಿಯ ನೆರೆಹೊರೆಯವರೂ ಅಧಿಕಾರಿಯ ಮೇಲಧಿಕಾರಿಯೂ ಕೇಳಿಸಿಕೊಳ್ಳುತ್ತಾರೆ. ಫೋನ್-ಇನ್‌ಗೆ ಇರುವ ಬಲ ಅದೊಂದೇ ಎಂದು ನನ್ನ ಅಭಿಪ್ರಾಯ. "ಪರಿಶೀಲಿಸುತ್ತೇವೆ" ಎಂಬ ಉತ್ತರವನ್ನು ಹಾಗೇ ಬಿಟ್ಟುಬಿಡುವ ನಿರೂಪಕನ ಕೈಯಲ್ಲಿ ಆ ಬಲವೂ ವ್ಯರ್ಥ.

ಕರೆ ಸೇರಿದ ಮೇಲೆ ನಿಮ್ಮ ಹೆಸರು, ಊರು, ಪ್ರಶ್ನೆಯನ್ನು ಮೊದಲು ಒಬ್ಬರು ಕೇಳಿ ಬರೆದುಕೊಳ್ಳುತ್ತಾರೆ, ಅನಂತರವೇ ಪ್ರಸಾರಕ್ಕೆ ಜೋಡಿಸುತ್ತಾರೆ. ಆಗ ಎಲ್ಲರಿಗೂ ಹೇಳುವ ಮಾತು, ರೇಡಿಯೋದ ಧ್ವನಿ ತಗ್ಗಿಸಿ ಎಂಬುದು. ಪಕ್ಕದಲ್ಲಿ ರೇಡಿಯೋ ಜೋರಾಗಿದ್ದರೆ ಅದರ ಧ್ವನಿ ಫೋನಿನೊಳಗೆ ಹೋಗಿ, ಮತ್ತೆ ಪ್ರಸಾರವಾಗಿ ಕಿವಿಗಡಚಿಕ್ಕುವ ಕೂಗು ಏಳುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಕೇಳುವವರಿಗೆ ಬೇರೆಯೇ ತೊಂದರೆ: ಅದರಲ್ಲಿ ಪ್ರಸಾರ ತಡವಾಗಿ ಬರುವುದರಿಂದ, ತಮ್ಮ ಮಾತೇ ಹಿಂದಿನಿಂದ ಕೇಳಿಸಿ ತಡವರಿಸುತ್ತಾರೆ. ಇನ್ನೊಂದು, ಆಕಾಶವಾಣಿಯ ಪ್ರಸಾರ ಸಂಹಿತೆಯ ಪ್ರಕಾರ ರಾಜಕೀಯ ಪಕ್ಷವನ್ನು ಹೆಸರಿಸಿ ದೂಷಿಸುವಂತಿಲ್ಲ. ಆ ಜಾಡಿಗೆ ಹೋದ ಕೂಡಲೇ ನಿಮ್ಮ ಧ್ವನಿಯನ್ನು ತಗ್ಗಿಸಲಾಗುತ್ತದೆ, ಆಮೇಲೆ ನೀರಿನ ಮಾತೂ ಉಳಿಯುವುದಿಲ್ಲ.

ಕೇಂದ್ರದ ವ್ಯಾಪ್ತಿಯನ್ನೂ ಯೋಚಿಸಿ. ಭದ್ರಾವತಿಯ 675 ಕಿಲೋಹರ್ಟ್ಸ್ ಪ್ರಸಾರವನ್ನು ಹಲವು ಜಿಲ್ಲೆಗಳ ಜನ ಕೇಳುತ್ತಾರೆ, ಅವರಿಗೆಲ್ಲ ನಿಮ್ಮ ಒಂದು ಕೇರಿಯ ಚರಂಡಿಯಲ್ಲಿ ಆಸಕ್ತಿ ಇರಬೇಕೆಂದೇನೂ ಇಲ್ಲ. ಅಂತಹ ಚಿಕ್ಕ ವಿಷಯಗಳಿಗೆ ಸಮುದಾಯ ಬಾನುಲಿ, ಅಂದರೆ ಸ್ಥಳೀಯ ಸಂಸ್ಥೆಗಳು ಸುತ್ತಲಿನ ಜನರಿಗಾಗಿ ನಡೆಸುವ ಚಿಕ್ಕ ಕೇಂದ್ರ, ಹೆಚ್ಚು ಹೊಂದುತ್ತದೆ, ಹತ್ತಿರದಲ್ಲಿ ಇದ್ದರೆ. ಕೇಂದ್ರ ಸರ್ಕಾರದ 2006ರ ನೀತಿಯಿಂದ ಅದನ್ನು ನಡೆಸಲು ಸ್ವಯಂಸೇವಾ ಸಂಸ್ಥೆಗಳಿಗೂ ಪರವಾನಗಿ ದೊರೆಯುವಂತಾಯಿತು. ಅದಕ್ಕೂ ಮುಂಚೆ ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ'ಯವರು ಪರವಾನಗಿ ಸಿಗದ ಕಾರಣ ಕೇಬಲ್ ತಂತಿಯ ಮೂಲಕವೇ ಮನೆಗಳಿಗೆ ಕಾರ್ಯಕ್ರಮ ತಲುಪಿಸುತ್ತಿದ್ದರು. ಮಂಗಳೂರಿನ ರೇಡಿಯೋ ಸಾರಂಗ್, ಬೆಂಗಳೂರಿನ ರೇಡಿಯೋ ಆ್ಯಕ್ಟಿವ್ ಇಂದಿನ ಸಮುದಾಯ ಬಾನುಲಿಗಳು. ಇವು ಸ್ವಂತವಾಗಿ ಸುದ್ದಿ ಬಿತ್ತರಿಸುವಂತಿಲ್ಲವಾದರೂ ನೀರು, ವಿದ್ಯುತ್ತಿನಂತಹ ಸ್ಥಳೀಯ ಮಾಹಿತಿಗೆ ಅಡ್ಡಿಯಿಲ್ಲ.

ಕರೆ ಮಾಡುವ ಮುನ್ನ ಪಂಚಾಯಿತಿಗೆ ಒಂದು ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆದಿರಿ. ಪ್ರಸಾರದಲ್ಲಿ ಅದರ ದಿನಾಂಕವನ್ನು ಹೇಳಿ. "ಅರ್ಜಿ ಕೊಡಿ, ನೋಡೋಣ" ಎಂದು ಅಧಿಕಾರಿ ಜಾರಿಕೊಳ್ಳಲು ಆಗ ಅವಕಾಶವಿರುವುದಿಲ್ಲ. ಅವರು ಗಡುವು ಕೊಟ್ಟರೆ ಬರೆದಿಟ್ಟುಕೊಂಡು, ಅದು ಮೀರಿದ ಮೇಲೆ ಕೇಂದ್ರದ ಕಾರ್ಯಕ್ರಮ ವಿಭಾಗಕ್ಕೆ ಒಂದು ಕಾಗದ ಹಾಕಿ. ಅದೇ ಇಲಾಖೆಯ ಅತಿಥಿ ಮತ್ತೆ ಬಂದಾಗ ಮೊದಲ ಪ್ರಶ್ನೆಯಾಗಿ ಅದನ್ನೇ ಕೇಳಲು ನಿರೂಪಕರಿಗೂ ಅನುಕೂಲವಾಗುತ್ತದೆ.