ಕೋಡ್ ಬರೆಯದೆ ಮೈನ್‌ಕ್ರಾಫ್ಟ್ ಮಾಡ್ ತಯಾರಿಸಿದರೆ ತೊಂದರೆ ಏನು?

ಹೊಸ ಕತ್ತಿ, ಹೊಸ ಅದಿರು, ಒಂದೆರಡು ಪ್ರಾಣಿ ಸೇರಿಸುವಂಥ ಮಾಡ್‌ಗೆ (ಆಟಕ್ಕೆ ನಾವೇ ಮಾಡಿ ಸೇರಿಸುವ ಹೆಚ್ಚುವರಿ ಭಾಗ) ಎಂಕ್ರಿಯೇಟರ್ ಎಂಬ, ಕೋಡ್ ಬರೆಯದೆ ಮಾಡ್ ತಯಾರಿಸುವ ತಂತ್ರಾಂಶ ಧಾರಾಳವಾಗಿ ಸಾಕು. ತಾಪತ್ರಯ ಶುರುವಾಗುವುದು ಆಮೇಲೆ.

ಹತ್ತಿರದಲ್ಲಿ ವಜ್ರದ ಅದಿರಿದ್ದರೆ ಮಿನುಗುವ ದೀಪ ಬೇಕು ಅಂದುಕೊಳ್ಳಿ. ಎಂಕ್ರಿಯೇಟರ್‌ನಲ್ಲಿ ಕೋಡ್ ಬದಲಿಗಿರುವ ಬಣ್ಣದ ತುಂಡುಗಳನ್ನು ಜೋಡಿಸಿ 'ಪ್ರತಿ ಟಿಕ್‌ಗೂ ಸುತ್ತ 10 ಬ್ಲಾಕ್ ಹುಡುಕು' ಅಂತ ಹೇಳಿಬಿಡುವುದು ಸುಲಭ (ಟಿಕ್ ಅಂದರೆ ಆಟ ತನ್ನ ಲೆಕ್ಕವನ್ನು ಒಂದು ಸಲ ಮುಂದೂಡುವ ಪುಟ್ಟ ಹೆಜ್ಜೆ). ಆದರೆ ಎಲ್ಲ ದಿಕ್ಕಿಗೂ 10 ಅಂದರೆ, ನಡುವಿನ ದೀಪದ ಬ್ಲಾಕೂ ಸೇರಿ 21×21×21, ಒಟ್ಟು 9,261 ಬ್ಲಾಕ್. ಆಟ ಸೆಕೆಂಡಿಗೆ 20 ಟಿಕ್ ಓಡುತ್ತದೆ. ಒಂದೇ ದೀಪಕ್ಕೆ ಸೆಕೆಂಡಿಗೆ 1,85,220 ತಪಾಸಣೆ! ನಾಲ್ಕು ಜನ ಹತ್ತತ್ತು ದೀಪ ಇಟ್ಟರೆ ಅದು 74 ಲಕ್ಷ ದಾಟುತ್ತದೆ, ಸರ್ವರ್ ಏದುಸಿರು ಬಿಡುತ್ತದೆ. ಕೋಡ್ ಬರೆಯುವವರಿಗೆ ಲೂಪಿನೊಳಗೆ ಲೂಪ್ (ಮತ್ತೆ ಮತ್ತೆ ನಡೆಯುವ ಕೆಲಸದೊಳಗೆ ಇನ್ನೊಂದು ಅಂಥದ್ದೇ ಕೆಲಸ) ಕಣ್ಣಿಗೆ ಹೊಡೆಯುತ್ತದೆ. ತುಂಡು ಜೋಡಿಸುವವರಿಗೆ ಅದರ ಭಾರ ಅಷ್ಟು ಬೇಗ ತಿಳಿಯುವುದಿಲ್ಲ.

ನನ್ನ ಪ್ರಕಾರ ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಎಂಕ್ರಿಯೇಟರ್ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೋಡನ್ನು ತಾನೇ ಬರೆದುಕೊಡುತ್ತದೆ. ಅದನ್ನು ಕೈಯಾರೆ ತಿದ್ದಬೇಕಾದರೆ ಆ ಭಾಗವನ್ನು ಲಾಕ್ ಮಾಡಬೇಕು, ಇಲ್ಲದಿದ್ದರೆ ಅದು ಮತ್ತೆ ಕೋಡ್ ಬರೆಯುವಾಗ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ. ಲಾಕ್ ಮಾಡಿದಿರೋ, ಮೈನ್‌ಕ್ರಾಫ್ಟಿನ ಹೊಸ ಆವೃತ್ತಿಗೆ ಹೋಗುವಾಗ ಆ ಫೈಲನ್ನು ನೀವೇ ಸರಿಮಾಡಿಕೊಳ್ಳಬೇಕು. ಹೊಸ ಆವೃತ್ತಿಗೆ ಎಂಕ್ರಿಯೇಟರ್ ಬೆಂಬಲ ಬರುವವರೆಗೆ ಕಾಯುವುದಂತೂ ಇದ್ದೇ ಇದೆ.

ಆಟ ಕ್ರ್ಯಾಷ್ ಆದಾಗ ಸಿಗುವ ವರದಿಯೂ ಜಾವಾ ಸಾಲುಗಳನ್ನೇ ತೋರಿಸುತ್ತದೆ. ಹಾಗಾಗಿ ಮೊದಲ ಮಾಡ್ ಖಂಡಿತ ಇದರಲ್ಲೇ ಮಾಡಿ. ಆದರೆ ಅದು ಬರೆದ ಕೋಡನ್ನು ತೆರೆದು, ಯಾವ ತುಂಡು ಯಾವ ಸಾಲಾಯಿತು ಅಂತ ದಿನಾ ಸ್ವಲ್ಪ ಹೊಂದಿಸಿ ನೋಡಿ.