ಹ್ಯಾಂಡಲ್‌ಬಾರ್ ಬದಲಿಸುವಾಗ ವೈರಿಗೆ ಬೆಸುಗೆಯೋ, ಕ್ರಿಂಪೋ?

ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ಕ್ಕೆ ಎತ್ತರದ ಹ್ಯಾಂಡಲ್‌ಬಾರ್ ಹಾಕ್ತಿದ್ದೀರಿ, ಸ್ವಿಚ್ಚಿನ ವೈರುಗಳು ನಾಲ್ಕಿಂಚು ಸಾಲ್ತಿಲ್ಲ. ಎಲೆಕ್ಟ್ರಿಷಿಯನ್ ಬೆಸುಗೆ ಹಾಕಿ ಟೇಪ್ ಸುತ್ತೋಣ ಅಂತಾರೆ, ಗೆಳೆಯರು ಕ್ರಿಂಪೇ (ವೈರನ್ನ ಲೋಹದ ತುಂಡಿನೊಳಗಿಟ್ಟು ಟೂಲ್‌ನಿಂದ ಒತ್ತಿ ಹಿಡಿಸೋದು) ಆಗಬೇಕು ಅಂತಾರೆ. ಇದು ನಿಮ್ಮ ಪ್ರಶ್ನೆ.

ನಾನು ಕ್ರಿಂಪ್ ಅಂತೀನಿ. ಆದರೆ ಜೋಡಣೆಯನ್ನ ತಪ್ಪು ಜಾಗದಲ್ಲಿ ಇಟ್ಟರೆ ಎರಡೂ ಕೈಕೊಡ್ತವೆ, ಹಾಗಾಗಿ ಮೊದಲು ಜಾಗದ ಮಾತು. ಹ್ಯಾಂಡಲ್ ತಿರುಗಿದಾಗಲೆಲ್ಲ ವೈರಿನ ಕಟ್ಟು ಬಾಗೋದು ಸ್ಟೀರಿಂಗ್ ಕತ್ತಿನ ಹತ್ತಿರ. ಅಲ್ಲಿ ಯಾವ ಜೋಡಣೆಯೂ ಬೇಡ. ಡೂಮಿನೊಳಗೆ (ಹೆಡ್‌ಲೈಟಿನ ಗುಂಡು ಕವಚ) ಕನೆಕ್ಟರ್‌ಗಳಿರುತ್ತವಲ್ಲ, ಅವುಗಳ ಪಕ್ಕದಲ್ಲೇ ಕತ್ತರಿಸಿ ಅಲ್ಲೇ ಸೇರಿಸಿ. ಡೂಮಿನಿಂದ ಸ್ವಿಚ್ಚಿನವರೆಗೆ ವೈರು ಅಖಂಡವಾಗಿರಲಿ. ಇನ್ನೂ ಒಳ್ಳೆಯದು ಏನೂ ಕತ್ತರಿಸದೇ ಇರೋದು: ಅದೇ ಅಳತೆಯ ಗಂಡು-ಹೆಣ್ಣು ಕನೆಕ್ಟರ್ ತಂದು, ನಡುವೆ ಸೇರಿಸೋ ಎಕ್ಸ್‌ಟೆನ್ಷನ್ ತುಂಡು ಮಾಡಿಕೊಳ್ಳಿ. ಮುಂದೆ ಹಳೆ ಹ್ಯಾಂಡಲ್ ಹಾಕಬೇಕೆನಿಸಿದರೆ ತುಂಡು ಕಿತ್ತರೆ ಮುಗೀತು. ಬೆಂಗಳೂರಲ್ಲಿದ್ದರೆ ಕನೆಕ್ಟರ್, ಟರ್ಮಿನಲ್, ಉಪಕರಣಕ್ಕೆ ಎಸ್‌ಪಿ ರೋಡ್‌ನಲ್ಲಿ, ಗಾಡಿ ಸಾಮಾನಿಗೆ ಜೆಸಿ ರೋಡ್‌ನಲ್ಲಿ ಹುಡುಕಿ.

ಬೆಸುಗೆಯ ತೊಂದರೆ ಅದರ ಗಂಟಿನಲ್ಲಿಲ್ಲ, ಗಂಟಿನ ಅಂಚಿನಲ್ಲಿದೆ. ಕರಗಿದ ಸೀಸ (ಬೆಸುಗೆಯ ಲೋಹ) ತಾಮ್ರದ ಎಳೆಗಳ ಸಂದಿಯಲ್ಲಿ ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಏರಿ, ಇನ್ಸುಲೇಷನ್ ಒಳಗೂ ನುಗ್ಗುತ್ತೆ. ಅಷ್ಟುದ್ದದ ವೈರು ಒಂದು ಗಟ್ಟಿ ಕಡ್ಡಿ. ಕಡ್ಡಿ ಮುಗಿದು ಮೆತ್ತನೆ ಎಳೆ ಶುರುವಾಗೋ ಗೆರೆಯಲ್ಲೇ ಸಿಂಗಲ್ ಸಿಲಿಂಡರ್ ಎಂಜಿನ್ನಿನ ನಡುಕವೆಲ್ಲ ಬಂದು ನಿಲ್ಲುತ್ತೆ. ಎಳೆಗಳು ಒಂದೊಂದಾಗಿ ತುಂಡಾಗ್ತವೆ. ಹೊರಗಿಂದ ನೋಡಿದರೆ ಇನ್ಸುಲೇಷನ್ ಚೆನ್ನಾಗೇ ಇರುತ್ತೆ, ಒಳಗೆ ಎರಡೆಳೆ ಉಳಿದಿರುತ್ತೆ. ಹಾರ್ನ್ ಒಮ್ಮೆ ಬರುತ್ತೆ, ಒಮ್ಮೆ ಬರಲ್ಲ ಅನ್ನೋ ಕಾಯಿಲೆಗೆ ಇದೊಂದು ಮೂಲ.

ಕ್ರಿಂಪಿನಲ್ಲಿ ಲೋಹ ಲೋಹವನ್ನ ಒತ್ತಿ ಹಿಡಿಯುತ್ತೆ, ಸೀಸ ಹರಿಯೋ ಮಾತೇ ಇಲ್ಲ. ಗಾಡಿಯ ಟರ್ಮಿನಲ್‌ನಲ್ಲಿ (ವೈರಿನ ತುದಿಗೆ ಕೂರೋ ಲೋಹದ ತುಂಡು) ಎರಡು ಜೊತೆ ರೆಕ್ಕೆ ಇರುತ್ತೆ: ಚಿಕ್ಕವು ತಾಮ್ರಕ್ಕೆ, ದೊಡ್ಡವು ಇನ್ಸುಲೇಷನ್‌ಗೆ. ದೊಡ್ಡವನ್ನ ಮಡಚದೆ ಬಿಟ್ಟರೆ ಎಳೆತವೆಲ್ಲ ತಾಮ್ರದ ಮೇಲೇ ಬೀಳುತ್ತೆ. ಐದಾರು ಮಿಲಿಮೀಟರ್ ಸುಲಿಯಿರಿ, ಒಂದೆಳೆಯೂ ಕತ್ತರಿಸಿ ಹೋಗಬಾರದು. ರ‍್ಯಾಚೆಟ್ ಇರೋ ಕ್ರಿಂಪಿಂಗ್ ಟೂಲ್ ಬೇಕು. ಪೂರ್ತಿ ಒತ್ತೋವರೆಗೆ ಅದು ಬಾಯಿ ಬಿಡಲ್ಲ. ಕಟಿಂಗ್ ಪ್ಲೇಯರ್‌ನಲ್ಲಿ ಚಪ್ಪಟೆ ಮಾಡಿದ್ದನ್ನ ಕ್ರಿಂಪ್ ಅನ್ನಬೇಡಿ. ಅದಕ್ಕಿಂತ ಅಚ್ಚುಕಟ್ಟಾದ ಬೆಸುಗೆ ಎಷ್ಟೋ ಮೇಲು. ಒತ್ತಿದ ಮೇಲೆ ಜೋರಾಗಿ ಜಗ್ಗಿ ನೋಡಿ, ಕೂದಲೆಳೆಯಷ್ಟೂ ಜರುಗಬಾರದು. ಅಂಗಡಿಯಲ್ಲಿ ಸಿಗೋ ಕೆಂಪು ಪ್ಲಾಸ್ಟಿಕ್ ಬಟ್ ಕನೆಕ್ಟರ್ (ಎರಡು ವೈರಿನ ತುದಿ ಸೇರಿಸೋ ಕೊಳವೆ) 0.5ರಿಂದ 1.5 ಸ್ಕ್ವೇರ್ ಎಂಎಂ ವೈರಿಗೆ, ನೀಲಿ 1.5ರಿಂದ 2.5ಕ್ಕೆ. ಅಂಥ ಹತ್ತು ಕನೆಕ್ಟರ್ ಒಂದೇ ಕಡೆ ಬಂದರೆ ಡೂಮ್ ಮುಚ್ಚೋದೇ ಕಷ್ಟ, ಪ್ಲಾಸ್ಟಿಕ್ ಇಲ್ಲದ್ದನ್ನ ಕೇಳಿ ತನ್ನಿ.

ಟೂಲ್ ಇಲ್ಲ, ಬೆಸುಗೆಯೇ ಗತಿ ಅಂದರೆ ರೋಸಿನ್ ಫ್ಲಕ್ಸ್ (ಬೆಸುಗೆ ಹಿಡಿಯೋ ಹಾಗೆ ಲೋಹ ಶುಚಿ ಮಾಡೋ ರಾಳ) ಇರೋ 60/40 ಸೀಸ, ಅಂದರೆ 60 ಪಾಲು ತವರ, 40 ಪಾಲು ಸೀಸದ್ದು, ಬಳಸಿ. ರೇಡಿಯೇಟರ್, ಪಾತ್ರೆ ಬೆಸೆಯೋ ಆ್ಯಸಿಡ್ ಫ್ಲಕ್ಸ್ ಮುಟ್ಟಲೇಬೇಡಿ, ತಾಮ್ರ ಹಸಿರುಗಟ್ಟಿ ತಿಂದುಹೋಗುತ್ತೆ. ಎರಡು ತುದಿಯನ್ನೂ ಒಂದರ ಮೇಲೊಂದು ಬಿಗಿಯಾಗಿ ಸುತ್ತಿ, ಐರನ್ನಿನಿಂದ ವೈರನ್ನ ಕಾಯಿಸಿ, ಸೀಸವನ್ನ ವೈರಿಗೆ ತಾಗಿಸಿ. ಒಳಗೆ ಹರಿದ ತಕ್ಷಣ ತೆಗೀರಿ. ಎಳೆಗಳ ಗೆರೆ ಮೇಲಿಂದ ಕಾಣಬೇಕು, ಗುಂಡು ಗಂಟಾಗಿದ್ದರೆ ಹೆಚ್ಚಾಯ್ತು. ಆಮೇಲೆ ಗಂಟಿನ ಎರಡೂ ಬದಿಗೆ ಎರಡಿಂಚು ದೂರದಲ್ಲಿ ಕೇಬಲ್ ಟೈ ಹಾಕಿ, ಅಲ್ಲಾಡದ ಹಾಗೆ ಕಟ್ಟಿ. ಸೀಸ ಹಚ್ಚಿದ ಎಳೆಯನ್ನ ಮಾತ್ರ ಕ್ರಿಂಪ್ ಮಾಡಬೇಡಿ. ಎರಡೂ ಸೇರಿದರೆ ಡಬಲ್ ಭದ್ರ ಅನ್ನೋರಿದ್ದಾರೆ, ಆಗೋದು ಉಲ್ಟಾ: ಒತ್ತಡದಲ್ಲಿ ಮೆತ್ತನೆ ಸೀಸ ನಿಧಾನಕ್ಕೆ ಜರುಗಿ ಹಿಡಿತ ಸಡಿಲವಾಗುತ್ತೆ.

ಹಳೇ ವೈರಿನ ತಾಮ್ರ ಕಪ್ಪಗಿದ್ದರೆ ಹೊಳಪು ಕಾಣೋವರೆಗೆ ಹಿಂದಕ್ಕೆ ಕತ್ತರಿಸುತ್ತಾ ಹೋಗಿ. ಕಪ್ಪು ತಾಮ್ರಕ್ಕೆ ಸೀಸವೂ ಹಿಡಿಯಲ್ಲ, ಕ್ರಿಂಪೂ ಸರಿಯಾಗಿ ಕರೆಂಟ್ ದಾಟಿಸಲ್ಲ. ನಾಲ್ಕಿಂಚು ಹೆಚ್ಚಿನ ವೈರಿನ ರೆಸಿಸ್ಟೆನ್ಸ್ ಲೆಕ್ಕಕ್ಕಿಲ್ಲ, ಕೆಟ್ಟ ಜೋಡಣೆಯದ್ದು ಲೆಕ್ಕಕ್ಕಿದೆ. 60 ವ್ಯಾಟ್ ಹೈ ಬೀಮ್ ಅಂದರೆ ಸುಮಾರು 5 ಆಂಪಿಯರ್. ಜೋಡಣೆಯಲ್ಲಿ 0.2 ಓಮ್ ಇದ್ದರೆ 1 ವೋಲ್ಟ್ ಅಲ್ಲೇ ಹೋಯ್ತು, 5 ವ್ಯಾಟ್ ಶಾಖ ಆ ಗಂಟಿನಲ್ಲೇ.

ಬ್ಯಾಟರಿ ನೆಗೆಟಿವ್ ಬಿಚ್ಚಿ ಕೆಲಸ ಶುರು ಮಾಡಿ. ಒಂದು ವೈರ್ ಕತ್ತರಿಸಿ, ಸೇರಿಸಿ, ಆಮೇಲೆ ಇನ್ನೊಂದು. ಅದೇ ಬಣ್ಣದ, ಅದೇ ದಪ್ಪದ ವೈರ್ ಇರಲಿ. ಜೋಡಣೆಗಳು ಒಂದೇ ಸಾಲಿಗೆ ಬರದೆ ಒಂದೊಂದಿಂಚು ಹಿಂದೆ ಮುಂದೆ ಬೀಳಲಿ. ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಹಿಡಿಯೋ ಕೊಳವೆ) ಒಳಗೆ ಅಂಟು ಇರೋದು, 3:1 ಅಂದರೆ ಮೂರನೇ ಒಂದಂಶಕ್ಕೆ ಕುಗ್ಗೋದು ತನ್ನಿ, ಮತ್ತು ಸೇರಿಸೋ ಮೊದಲೇ ವೈರಿಗೆ ತೂರಿಸಿ (ಇದನ್ನ ಮರೆತು ಕತ್ತರಿಸಿ ಮತ್ತೆ ಸೇರಿಸದವರು ಅಪರೂಪ). ಬರೀ ಇನ್ಸುಲೇಷನ್ ಟೇಪ್ ಬೇಡ, ಬಿಸಿಲಿಗೆ ಅಂಟು ಜಿಗುಟಾಗಿ ಬಿಚ್ಚಿಕೊಳ್ಳುತ್ತೆ. ಸ್ಲೀವ್ ಎಳೆಯೋ ಮುಂಚೆ ಬ್ಯಾಟರಿ ಕೊಟ್ಟು, ಹೈ ಬೀಮ್ ಹಾಕಿ, ಹೈ ಬೀಮ್ ವೈರಿನ ಜೋಡಣೆಯ ಎರಡೂ ಬದಿಗೆ ಮಲ್ಟಿಮೀಟರ್ ಹಿಡಿಯಿರಿ. 0.05 ವೋಲ್ಟಿಗಿಂತ ಕಡಿಮೆ ಇದ್ದರೆ ಸರಿ.

ಕೊನೆಗೆ ನ್ಯೂಟ್ರಲ್‌ನಲ್ಲಿ ಎಂಜಿನ್ ಐಡಲ್ ಬಿಟ್ಟು ಹ್ಯಾಂಡಲನ್ನ ಎರಡೂ ಕಡೆ ಪೂರ್ತಿ ತಿರುಗಿಸಿ. ಲೈಟ್ ಮಿಣುಕಿದರೆ ವೈರು ಎಳೀತಿದೆ. ಎಂಜಿನ್ ಏರಿದರೆ ಆ್ಯಕ್ಸಲರೇಟರ್ ಕೇಬಲ್ ಗಿಡ್ಡ. ಬ್ರೇಕ್ ಹೋಸ್ ಬಿಗಿಯಾದರೆ ಉದ್ದದ ಹೋಸ್ ಬರೋವರೆಗೆ ಆ ಹ್ಯಾಂಡಲ್ಲಿನಲ್ಲಿ ಗಾಡಿ ರಸ್ತೆಗಿಳಿಸಬೇಡಿ.