ಚೆಲ್ಸಿ ಫ್ಲವರ್ ಶೋ ಬಿಟ್ಟರೆ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಗೆ ಬೇರೆ ಕೆಲಸ ಇದೆಯೇ?

ಬ್ರಿಟನ್ನಿನ ಈ ತೋಟಗಾರಿಕೆ ಸಂಘ ಇನ್ನೂರು ವರ್ಷ ಹೇಗೆ ಬಾಳಿತು, ವರ್ಷಕ್ಕೊಮ್ಮೆ ಲಂಡನ್ನಿನ ಚೆಲ್ಸಿಯಲ್ಲಿ ಹೂವಿನ ಪ್ರದರ್ಶನ ಮಾಡುವುದು ಬಿಟ್ಟು ಇನ್ನೇನಾದರೂ ಮಾಡುತ್ತದೆಯೇ ಎಂದು ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: ಚೆಲ್ಸಿ ಎಂಬುದು ಮದುವೆಯ ಚಪ್ಪರ, ಸಂಸಾರ ನಡೆಯುವುದು ಬೇರೆ ಕಡೆ. ನಾನು ಹವ್ಯಾಸಕ್ಕೆ ಆರ್ಕಿಡ್ ಬೆಳೆಯುವವನು. ಯಾವುದಾದರೂ ಗಿಡದ ಹೆಸರಿನ ಬೆನ್ನು ಹತ್ತಿ ಹೊರಟಾಗಲೆಲ್ಲ ಈ ಸೊಸೈಟಿಯ ದಫ್ತರಕ್ಕೇ ಬಂದು ಮುಟ್ಟಿದ್ದೇನೆ. ಹಾಗಾಗಿ ನನ್ನ ಒಲವು ಯಾವ ಕಡೆಗೆ ಎಂಬುದು ಮೊದಲೇ ಗೊತ್ತಿರಲಿ.

ಸೊಸೈಟಿ ಹುಟ್ಟಿದ್ದು 1804ರ ಮಾರ್ಚ್ 7ರಂದು, ಲಂಡನ್ನಿನ ಪಿಕಡಿಲಿಯಲ್ಲಿರುವ ಹ್ಯಾಚರ್ಡ್ಸ್ ಪುಸ್ತಕದಂಗಡಿಯಲ್ಲಿ. ಸೇರಿದ್ದವರು ಏಳೇ ಜನ. ಮೂಲ ಯೋಚನೆ ಜಾನ್ ವೆಜ್‌ವುಡ್‌ನದು. ಹೆಸರಾಂತ ಪಿಂಗಾಣಿ ತಯಾರಕ ಜೊಸಾಯಾ ವೆಜ್‌ವುಡ್‌ನ ಮಗ ಈತ. ಕ್ಯಾಪ್ಟನ್ ಕುಕ್ ಜೊತೆ ಕಡಲು ಸುತ್ತಿ ಬಂದಿದ್ದ ಜೋಸೆಫ್ ಬ್ಯಾಂಕ್ಸ್ ಇದ್ದ, ಅರಮನೆ ತೋಟಗಳನ್ನು ನೋಡಿಕೊಳ್ಳುತ್ತಿದ್ದ ವಿಲಿಯಂ ಫಾರ್ಸೈತ್ ಇದ್ದ, ನರ್ಸರಿ ನಡೆಸುತ್ತಿದ್ದ ಜೇಮ್ಸ್ ಡಿಕ್ಸನ್ ಇದ್ದ. ಹಣವಂತ ಹವ್ಯಾಸಿ, ವಿಜ್ಞಾನಿ, ಮಣ್ಣಿನ ಕೆಲಸದಿಂದಲೇ ಹೊಟ್ಟೆ ಹೊರೆಯುವವ, ಈ ಮೂವರನ್ನೂ ಒಟ್ಟಿಗೆ ಕೂರಿಸಿದ್ದೇ ಆ ಸಭೆಯ ಜಾಣತನ ಎನ್ನುತ್ತೇನೆ. 1809ರಲ್ಲಿ ರಾಜಸನ್ನದು ಸಿಕ್ಕಿತು. ಹೆಸರಿನ ಮುಂದೆ 'ರಾಯಲ್' ಬಂದದ್ದು ಮಾತ್ರ 1861ರಲ್ಲಿ.

ಮೊದಮೊದಲ ಹುಮ್ಮಸ್ಸೆಲ್ಲ ಹೊರದೇಶಗಳಿಂದ ಗಿಡ ತರಿಸುವುದರಲ್ಲಿ. 1820ರ ದಶಕದ ಆರಂಭದಲ್ಲಿ ಡೆವನ್‌ಶೈರ್ ಡ್ಯೂಕ್‌ನಿಂದ ಚಿಸ್ವಿಕ್‌ನಲ್ಲಿ ಜಮೀನು ಗೇಣಿಗೆ ಹಿಡಿದು ತೋಟ ಮಾಡಿದರು. (ಅಲ್ಲಿ ಕೆಲಸಕ್ಕಿದ್ದ ಒಬ್ಬ ಯುವಕನನ್ನು ಅದೇ ಡ್ಯೂಕ್ ಗುರುತಿಸಿ 1826ರಲ್ಲಿ ತನ್ನ ಚಾಟ್ಸ್‌ವರ್ತ್ ತೋಟಕ್ಕೆ ಮುಖ್ಯಸ್ಥನನ್ನಾಗಿ ಕರೆದೊಯ್ದ. ಮುಂದೆ ಲಂಡನ್ನಿನ ಗಾಜಿನ ಮಹಲು ಕ್ರಿಸ್ಟಲ್ ಪ್ಯಾಲೇಸ್ ವಿನ್ಯಾಸ ಮಾಡಿದ ಜೋಸೆಫ್ ಪ್ಯಾಕ್ಸ್‌ಟನ್ ಅವನೇ.) ಡೇವಿಡ್ ಡಗ್ಲಸ್‌ನನ್ನು ಉತ್ತರ ಅಮೆರಿಕಕ್ಕೆ ಕಳಿಸಿದರು, ಇಂದು ಅವನ ಹೆಸರಿನಲ್ಲೇ ಕರೆಸಿಕೊಳ್ಳುವ ಡಗ್ಲಸ್ ಫರ್ ಮರದ ಬೀಜ ಬ್ರಿಟನ್ ಸೇರಿದ್ದು ಆಗ. 1843ರಲ್ಲಿ ಚೀನಾಕ್ಕೆ ಹೊರಟ ರಾಬರ್ಟ್ ಫಾರ್ಚೂನ್‌ಗೆ ಗೊತ್ತು ಮಾಡಿದ ಸಂಬಳ ವರ್ಷಕ್ಕೆ 100 ಪೌಂಡ್. ಬಂದೂಕು ಕೊಡಲು ಸಮಿತಿಯವರು ಮೀನಮೇಷ ಎಣಿಸಿದರಂತೆ. ಹಠ ಹಿಡಿದು ಇಸಿದುಕೊಂಡ ಆ ಬಂದೂಕೇ ಮುಂದೆ ಕಡಲ್ಗಳ್ಳರ ಕೈಯಿಂದ ಅವನನ್ನು ಪಾರು ಮಾಡಿತು. ಮುಚ್ಚಿದ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳನ್ನು ಜೀವಂತ ಸಾಗಿಸುವುದರಲ್ಲಿ ಅವನು ಪಳಗಿದ. ಆಮೇಲೆ ಈಸ್ಟ್ ಇಂಡಿಯಾ ಕಂಪನಿಗಾಗಿ ಚೀನಾದ ಚಹಾ ಗಿಡಗಳನ್ನು ಹಿಮಾಲಯದ ತಪ್ಪಲಿಗೆ ತಂದವನೂ ಇದೇ ಫಾರ್ಚೂನ್.

ಇನ್ನು ಹಣದ ಕಥೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅಡಗಿರುವುದು ಇಲ್ಲಿ. ಸೊಸೈಟಿ ಸಾಲದಲ್ಲಿ ಮುಳುಗಿದ್ದು ಒಂದೆರಡು ಸಲವಲ್ಲ. 1850ರ ದಶಕದಲ್ಲಂತೂ ಒಣಗಿಸಿಟ್ಟ ಸಸ್ಯಗಳ ಸಂಗ್ರಹವನ್ನು ಮಾರಿದರು, 1859ರಲ್ಲಿ ಗ್ರಂಥಾಲಯವನ್ನೇ ಹರಾಜು ಹಾಕಿದರು. ಇಷ್ಟಾದರೂ ಬುದ್ಧಿ ಬರಲಿಲ್ಲ. 1861ರಲ್ಲಿ, ರಾಣಿಯ ಗಂಡ ಆಲ್ಬರ್ಟ್‌ನ ಬೆಂಬಲದಿಂದ, ಸೌತ್ ಕೆನ್ಸಿಂಗ್ಟನ್‌ನಲ್ಲಿ ಪ್ರತಿಮೆ, ಕಾರಂಜಿಗಳ ಭಾರೀ ತೋಟ ತೆರೆದರು. ಬಂದವರಿಗೆ ಗಿಡಕ್ಕಿಂತ ತಿರುಗಾಟವೇ ಮುಖ್ಯವಾಯಿತು. ಸಾಲ ಮತ್ತೆ ಬೆಳೆಯಿತು.

ಮಧ್ಯೆ ಒಂದು ಒಳ್ಳೆಯ ಕೆಲಸವೂ ನಡೆಯಿತು. ದಶಕಗಟ್ಟಲೆ ಸೊಸೈಟಿಗಾಗಿ ದುಡಿದ ಸಸ್ಯವಿಜ್ಞಾನಿ ಜಾನ್ ಲಿಂಡ್ಲಿ 1865ರಲ್ಲಿ ತೀರಿಕೊಂಡ. ಮರುವರ್ಷದ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಉಳಿದ ಹಣದಿಂದ ಅವನ ಸ್ವಂತ ಪುಸ್ತಕಗಳನ್ನು ಕೊಂಡು, 1868ರಲ್ಲಿ ಒಂದು ಟ್ರಸ್ಟಿಗೆ ಒಪ್ಪಿಸಿದರು. ಸೊಸೈಟಿಗೆ ಮತ್ತೆ ಸಾಲ ಬಂದರೂ ಪುಸ್ತಕಗಳ ಮೇಲೆ ಕೈ ಹಾಕುವಂತಿಲ್ಲ! ಲಿಂಡ್ಲಿ ಗ್ರಂಥಾಲಯ ಇವತ್ತು ಲೋಕದ ದೊಡ್ಡ ತೋಟಗಾರಿಕೆ ಗ್ರಂಥಾಲಯಗಳಲ್ಲಿ ಒಂದು.

ಸಂಸ್ಥೆಯನ್ನು ಎತ್ತಿ ನಿಲ್ಲಿಸಿದ್ದು 1888ರಲ್ಲಿ ಕಾರ್ಯದರ್ಶಿಯಾದ ವಿಲಿಯಂ ವಿಲ್ಕ್ಸ್. ಶರ್ಲಿ ಎಂಬ ಊರಿನ ಪಾದ್ರಿ. ಹೊಲದ ಕಳೆಯಾಗಿ ಬೆಳೆದಿದ್ದ ಕೆಂಪು ಪಾಪಿ (ಗಸಗಸೆ ಜಾತಿಯ) ಹೂಗಳ ನಡುವೆ ಎಸಳಂಚು ಬೆಳ್ಳಗಿದ್ದ ಒಂದೇ ಹೂವನ್ನು ಗುರುತಿಟ್ಟು, ಅದರ ಬೀಜದಿಂದ ವರ್ಷವರ್ಷವೂ ಆರಿಸುತ್ತ ಶರ್ಲಿ ಪಾಪಿಯ ತಳಿ ಮಾಡಿದ ತಾಳ್ಮೆಗಾರ. ಸೊಸೈಟಿ ಅದೇ ವರ್ಷ ಕೆನ್ಸಿಂಗ್ಟನ್ನಿನ ಆಡಂಬರಕ್ಕೆ ಕೈಮುಗಿದು ಗಿಡದ ಕೆಲಸಕ್ಕೆ ಮರಳಿತು.

ಹಾಗೆ ಮರಳಿದ್ದರಿಂದಲೇ, ಅನುವಂಶೀಯತೆಯ ನಿಯಮಗಳನ್ನು ಕಂಡುಕೊಂಡ ಮೆಂಡೆಲ್‌ನ ಅಧ್ಯಾಯ ಸಾಧ್ಯವಾಯಿತು. ಸೊಸೈಟಿ 1899ರಲ್ಲಿ ಸಸ್ಯಸಂಕರದ, ಅಂದರೆ ಎರಡು ಬೇರೆ ಬಗೆಯ ಗಿಡಗಳನ್ನು ಕೂಡಿಸಿ ಹೊಸದನ್ನು ಪಡೆಯುವುದರ ಬಗ್ಗೆ ಸಮ್ಮೇಳನ ಕರೆಯಿತು. ಅದರಲ್ಲಿ ಜೀವವಿಜ್ಞಾನಿ ವಿಲಿಯಂ ಬೇಟ್ಸನ್ ಮಾತಾಡಿದ. ಮಾರನೆಯ ವರ್ಷ ಇದೇ ಸೊಸೈಟಿಯ ಸಭೆಯಲ್ಲಿ ಅನುವಂಶೀಯತೆಯ ಮೇಲೆ ಉಪನ್ಯಾಸ ಕೊಟ್ಟ. ಮೆಂಡೆಲ್ 1866ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿ, ಯಾರೂ ಕ್ಯಾರೇ ಎನ್ನದಿದ್ದ ಬಟಾಣಿ ಪ್ರಬಂಧದ ಇಂಗ್ಲಿಷ್ ಅನುವಾದ ಅಚ್ಚಾದದ್ದು 1901ರಲ್ಲಿ, ಈ ಸೊಸೈಟಿಯ ಪತ್ರಿಕೆಯಲ್ಲಿ. ಅನುವಂಶೀಯತೆಯ ವಿಜ್ಞಾನಕ್ಕೆ ಜೆನೆಟಿಕ್ಸ್ ಎಂಬ ಹೆಸರನ್ನು ಬೇಟ್ಸನ್ ಸಭೆಯ ಮುಂದಿಟ್ಟದ್ದೂ 1906ರಲ್ಲಿ ಇವರೇ ನಡೆಸಿದ ಸಮ್ಮೇಳನದಲ್ಲಿ. ಒಂದು ತೋಟಗಾರರ ಸಂಘಕ್ಕೆ ಇದಕ್ಕಿಂತ ದೊಡ್ಡ ಬಿರುದು ಬೇಕೇ?

ಎಲ್ಲದರಲ್ಲೂ ಹೀಗೆ ಮುಂದಿದ್ದರು ಎಂದೇನಲ್ಲ. ಸೊಸೈಟಿಯ 1898ರ ತೋಟಗಾರಿಕೆ ಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಪಡೆದ ಆಲಿವ್ ಹ್ಯಾರಿಸನ್‌ಗೆ ಸಿಗಬೇಕಾದ ವಿದ್ಯಾರ್ಥಿವೇತನವನ್ನು, ಹೆಂಗಸು ಎಂಬ ಒಂದೇ ಕಾರಣಕ್ಕೆ ನಿರಾಕರಿಸಿದರು. ಮೊದಲ ಮಹಿಳಾ ಅಧ್ಯಕ್ಷೆ ಎಲಿಜಬೆತ್ ಬ್ಯಾಂಕ್ಸ್ ಬಂದದ್ದು 2010ರಲ್ಲಿ.

ಈಗಿನ ದಿನನಿತ್ಯದ ಕೆಲಸದ ಹೃದಯ ಸರ್ರಿ ಪ್ರಾಂತ್ಯದ ವಿಸ್ಲಿ ತೋಟ. 1903ರಲ್ಲಿ ಸರ್ ಥಾಮಸ್ ಹ್ಯಾನ್‌ಬರಿ ಕೊಂಡು ದಾನ ಕೊಟ್ಟ ಜಾಗ. ಅಲ್ಲಿನ ಪರೀಕ್ಷಾ ಪಾತಿಗಳಲ್ಲಿ ಒಂದೇ ಜಾತಿಯ ಹತ್ತಾರು ತಳಿಗಳನ್ನು ಒಂದೇ ಮಣ್ಣು, ಒಂದೇ ಆರೈಕೆಯಲ್ಲಿ ಸಾಲಾಗಿ ಬೆಳೆಸುತ್ತಾರೆ. ಅನುಭವಿಗಳ ಸಮಿತಿ ಹಂಗಾಮಿನುದ್ದಕ್ಕೂ ಮತ್ತೆ ಮತ್ತೆ ಬಂದು ನೋಡುತ್ತದೆ. ರೋಗಕ್ಕೆ ಸುಲಭವಾಗಿ ಬಲಿಯಾಗದ, ಬಣ್ಣ-ಆಕಾರ ಕೆಡದ, ಮಾಮೂಲಿ ತೋಟದಲ್ಲೂ ಚೆನ್ನಾಗಿ ಬರುವ, ಅಂಗಡಿಯಲ್ಲಿ ಸಿಗುವ ಗಿಡಕ್ಕೆ 'ಅವಾರ್ಡ್ ಆಫ್ ಗಾರ್ಡನ್ ಮೆರಿಟ್' ಕೊಡುತ್ತಾರೆ. 1922ರಿಂದ ಇದೆ. ನನಗೆ ಹಿಡಿಸುವುದು ಕೊಟ್ಟದ್ದನ್ನು ವಾಪಸು ಪಡೆಯುವ ಧೈರ್ಯ: ಕಾಲಕಾಲಕ್ಕೆ ಪಟ್ಟಿ ಪರಿಶೀಲಿಸಿ, ದುರ್ಬಲವಾದ ತಳಿಯನ್ನು ತೆಗೆದುಹಾಕುತ್ತಾರೆ.

ಬಣ್ಣ ಎಂದೆನಲ್ಲ, ಅದಕ್ಕೂ ಇವರದೊಂದು ಅಳತೆ ಇದೆ. ಒಂದು ತುದಿಯಲ್ಲಿ ಪೋಣಿಸಿದ ಉದ್ದನೆಯ ಕಾಗದದ ಪಟ್ಟಿಗಳು. ಪ್ರತಿ ಬಣ್ಣದ ಚೌಕದ ನಡುವೆ ಒಂದು ಸಣ್ಣ ತೂತು. ಎಸಳನ್ನು ತೂತಿನ ಹಿಂದೆ ಹಿಡಿದು, ಸುತ್ತಲಿನ ಬಣ್ಣದಲ್ಲಿ ಅದು ಕರಗಿಹೋಗುವ ಚೌಕ ಸಿಗುವವರೆಗೆ ಪಟ್ಟಿ ಸರಿಸುತ್ತ ಹೋಗಬೇಕು. ಆಮೇಲೆ ನೇರಳೆಯೋ ಊದಾ ಬಣ್ಣವೋ ಎಂಬ ಜಗಳವಿಲ್ಲ, ಸಂಖ್ಯೆ ಬರೆದರೆ ಮುಗಿಯಿತು. ತಳಿ ಅಭಿವೃದ್ಧಿ ಮಾಡುವವರು ಲೋಕದಾದ್ಯಂತ ಇದನ್ನೇ ಬಳಸುತ್ತಾರೆ.

ಆರ್ಕಿಡ್‌ನವರಿಗೆ ಎಲ್ಲಕ್ಕಿಂತ ಬೇಕಾದದ್ದು ನೋಂದಣಿ ಪುಸ್ತಕ. ಸ್ಯಾಂಡರ್ ಎಂಬ ಆರ್ಕಿಡ್ ವ್ಯಾಪಾರಿ ಮನೆತನ ಶುರುಮಾಡಿದ ಸಂಕರಗಳ ಪಟ್ಟಿಯನ್ನು 1961ರಿಂದ ಸೊಸೈಟಿ ಮುಂದುವರಿಸಿಕೊಂಡು ಬಂದಿದೆ. ನನ್ನಲ್ಲಿರುವ ನೀಲಿ ವಾಂಡಾದ (ಆರ್ಕಿಡ್‌ನ ಒಂದು ಬಗೆ) ಚೀಟಿಯಲ್ಲಿ 'ರಾತ್ಸ್‌ಚೈಲ್ಡಿಯಾನಾ' ಎಂದಿದೆ. ಪಟ್ಟಿ ನೋಡಿದರೆ ನೋಂದಣಿ 1931. ಹೆತ್ತವರಲ್ಲಿ ಒಂದು ನಮ್ಮ ಈಶಾನ್ಯದ ಕಾಡಿನ ವಾಂಡಾ ಸಿರೂಲಿಯಾ, ಇನ್ನೊಂದು ಫಿಲಿಪ್ಪೀನ್ಸ್‌ನ ವಾಂಡಾ ಸ್ಯಾಂಡೇರಿಯಾನಾ. ಅದೇ ಜೋಡಿಯನ್ನು ಯಾರು ಎಲ್ಲಿ ಮತ್ತೆ ಕೂಡಿಸಿದರೂ ಹೆಸರು ಅದೇ. ಡೇಲಿಯಾ, ಲಿಲಿ, ಡ್ಯಾಫೋಡಿಲ್, ಕ್ಲೆಮ್ಯಾಟಿಸ್‌ಗಳ ಅಂತರರಾಷ್ಟ್ರೀಯ ನೋಂದಣಿಯೂ ಇವರದೇ.

ಚೆಲ್ಸಿ ಬಗ್ಗೆ ಹೇಳದಿದ್ದರೆ ತಪ್ಪಾದೀತು. 1913ರಿಂದ ಚೆಲ್ಸಿಯ ರಾಯಲ್ ಹಾಸ್ಪಿಟಲ್ ಆವರಣದಲ್ಲಿ ನಡೆಯುತ್ತಿದೆ, ಮಹಾಯುದ್ಧಗಳಲ್ಲಿ ನಿಂತಿತ್ತು, ಕೋವಿಡ್‌ನಿಂದಾಗಿ 2021ರಲ್ಲಿ ಮೇ ಬದಲು ಸೆಪ್ಟೆಂಬರಿನಲ್ಲಿ ನಡೆಯಿತು. ತೋಟದಲ್ಲಿಡುವ ಕುಳ್ಳ ಗೊಂಬೆಗಳಿಗೆ ಅಲ್ಲಿ ಪ್ರವೇಶವಿಲ್ಲ. ನೂರನೇ ವರ್ಷವೆಂದು 2013ರಲ್ಲಿ ಒಮ್ಮೆ ಬಿಟ್ಟುಕೊಂಡರು.

ನೀವೂ ಆರ್ಕಿಡ್ ಸಂಕರ ಮಾಡುವವರಾದರೆ, ನೋಂದಣಿಗೆ ಬ್ರಿಟನ್ನಿನಲ್ಲೇ ಇರಬೇಕೆಂದಿಲ್ಲ. ಗಿಡ ಹೂ ಬಿಟ್ಟ ಮೇಲೆ ಅರ್ಜಿ ಹಾಕಬಹುದು. ಪರಾಗ ಯಾವ ಗಿಡದ್ದು, ಕಾಯಿ ಕಟ್ಟಿದ್ದು ಯಾವುದು ಎಂದು ಮೊದಲ ದಿನವೇ ಬರೆದಿಡಿ. ಸಂಕರ ಮಾಡಿದವರು ಬೇರೆಯವರಾಗಿದ್ದರೆ ಅವರ ಒಪ್ಪಿಗೆಯನ್ನೂ ಕೇಳಿ ಇಟ್ಟುಕೊಳ್ಳಿ.